ಶೆಂಗ್ ನನ್ನ ಕೋಟಿನೊಳಗಿದೆ

ಮಾವ,

ನಿಮ್ಮ ಶೆಂಗ್ ವಾದ್ಯ ಹುಡುಕಬೇಡಿ. ಕೊಳವೆಯ ಹಿತ್ತಾಳೆ ನಾಲಗೆಗಳು ಚಳಿಗೆ ನುಡಿಯುವುದಿಲ್ಲವೆಂದು ನೀವೇ ಹೇಳಿದ್ದಿರಲ್ಲ, ಅದಕ್ಕೇ ಕೋಟಿನೊಳಗೆ ಬೆಚ್ಚಗಿಟ್ಟುಕೊಂಡಿದ್ದೇನೆ.

ನಿಮಗೆ ಕೆಮ್ಮು. ಇವತ್ತಿನ ಮದುವೆಯಲ್ಲಿ ನಿಮ್ಮ ಜಾಗ ಖಾಲಿ ಬಿದ್ದರೆ ಮೇಳದವರು ಬೇರೆಯವನನ್ನು ಕೂರಿಸಿಬಿಡುತ್ತಾರೆ. ನಾನೇ ಹೊರಟೆ. ಕಲಿತದ್ದು ಇಪ್ಪತ್ತೇ ದಿನ, ಆದರೂ ಊದುವಾಗಲೂ ಉಸಿರೆಳೆಯುವಾಗಲೂ ನುಡಿಸುತ್ತೇನೆ. ನಿನ್ನೆ ಕೇಳಿದ ಪಕ್ಕದ ಮನೆಯ ಕತ್ತೆ ಮೂರು ಹಳ್ಳಿಗೆ ಕೇಳುವಂತೆ ದನಿಗೂಡಿಸಿತು.

ನವಣೆ ಗಂಜಿ ಒಲೆಯ ಮೇಲಿದೆ. ಕಷಾಯ ಚೆಲ್ಲಬೇಡಿ, ಬಂದು ಲೋಟ ಮೂಸುತ್ತೇನೆ.

ಇನ್ನೊಂದು ಮಾತು. ನಿನ್ನೆ ಶೆಂಗನ್ನು ಒಲೆಯ ಪಕ್ಕ ಇಟ್ಟಿದ್ದೆ, ಅಂಟಿಸಿದ್ದ ಮೇಣ ಕರಗಿ ಒಂದು ನಾಲಗೆ ಉದುರಿತು. ಆ ಕೊಳವೆಯನ್ನು ಮುಟ್ಟುವುದೇ ಇಲ್ಲ. "ಆ ಸ್ವರ ಎಲ್ಹೋಯ್ತಮ್ಮಾ?" ಅಂತ ಮೇಳದ ಯಜಮಾನರು ಕೇಳಿದರೆ, "ನಮ್ ಮಾವ ಕಲ್ಸಿದ್ದೇ ಹಿಂಗೆ" ಅನ್ನುತ್ತೇನೆ. ನಿಮ್ಮನ್ನು ಕೇಳಿದರೆ ನೀವೂ ಹೌದೆನ್ನಿ.

ಸೊಸೆ,
ಯಿನ್‌ಹುವಾ