ನೀನು ಮುಚ್ಚಿಟ್ಟ ಎದೆಬಡಿತ

ಅಮ್ಮಾ,

ಇಂದು ಚಿಕ್ಕಮ್ಮ ನನ್ನ ಕೆಲಸ ನೋಡಬೇಕೆಂದು ಪ್ರಯೋಗಾಲಯಕ್ಕೇ ಬಂದಿದ್ದಳು. ಬಡಿತದ ತಾಳ ತಪ್ಪಿದ ರೋಗಿಯೊಬ್ಬರ ಹೃದಯದ ಒಂದು ಚೂರನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಇಂಥ ಜೀವಕೋಶದೊಳಗೆ ಬಡಿತ ನಡೆಸುವ ಕ್ಯಾಲ್ಸಿಯಂ ಹೊತ್ತಲ್ಲದ ಹೊತ್ತಿನಲ್ಲಿ ಸೋರುತ್ತದೆ, ಕೋಶಗಳ ನಡುವೆ ನಾರು ಬೆಳೆದು ಒಂದರ ಮಾತು ಇನ್ನೊಂದಕ್ಕೆ ಮುಟ್ಟದಂತಾಗುತ್ತದೆ ಎಂದೆ. ಅವಳು ಅಳತೊಡಗಿದಳು.

“ನಿಮ್ಮಮ್ಮನಿಗೂ ಇದೇ ಇತ್ತು ಕಣೇ. ಡಾಕ್ಟರು ಯಾವತ್ತೋ ಹೇಳಿದ್ರು. ನಿನಗೆ ಹೇಳಬಾರದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು.”

ಮೆದುಳಿನಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡು ನೀನು ಹೋದಾಗ, ಎಲ್ಲವೂ ಇದ್ದಕ್ಕಿದ್ದಂತೆ ಆಯಿತೆಂದು ನಂಬಿದ್ದೆ. ತಾಳ ತಪ್ಪಿದ ಹೃದಯದಲ್ಲಿ ಅಂಥ ಹೆಪ್ಪು ಕಟ್ಟುತ್ತದೆಂದು ಗೊತ್ತಿದ್ದೂ, ನಿನ್ನದೂ ಅಂಥದ್ದೆಂದು ಹೊಳೆದಿರಲಿಲ್ಲ. ಒಮ್ಮೆ ಊಟಕ್ಕೆ ಕೂತು ನನ್ನ ಕೆಲಸದ ಬಗ್ಗೆ ಹೇಳುತ್ತಿದ್ದಾಗ, “ಹಾಗೆ ಕೆಟ್ಟ ಕೋಶ ಮತ್ತೆ ಸರಿಹೋಗುತ್ತಾ?” ಎಂದು ಕೇಳಿದ್ದೆಯಲ್ಲ? ನನ್ನ ಕೆಲಸದ ಮೇಲೆ ನಿನಗೆಷ್ಟು ಅಕ್ಕರೆಯೆಂದು ಉಬ್ಬಿಹೋಗಿದ್ದೆ. “ನಾರು ಬೆಳೆದ ಮೇಲೆ ಕಷ್ಟ ಅಮ್ಮಾ. ಬೇಗ ಗೊತ್ತಾದ್ರೆ ತಡೀಬಹುದು” ಎಂದಿದ್ದೆ. ನೀನು ತಲೆಯಾಡಿಸಿ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದೆ.

ಕಂಡರಿಯದವರ ಹೃದಯದ ಚೂರುಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ನಿನ್ನ ಎದೆಗೆ ಕಿವಿಗೊಡಲು ಮಾತ್ರ ನೀನು ನನ್ನನ್ನು ಬಿಡಲಿಲ್ಲ.

ಸಂಜೆ ಚಿಕ್ಕಮ್ಮನನ್ನು ಬಸ್ಸು ಹತ್ತಿಸಿದೆ. “ನನ್ನ ಮೇಲೆ ಕೋಪಾನಾ?” ಎಂದಳು.

“ನಿನ್ನ ಮೇಲಲ್ಲ” ಎಂದೆ.