ಅಪ್ಪನ ಎದುರು ಬೆತ್ತ ಹಿಡಿದವಳು

ಕಾರ್ಕಾರ್, ಸೆಬು
ಮಾರ್ಚ್ ೯, ೧೯೮೪

ಪ್ರೀತಿಯ ರುಪೆರ್ತೋ ಅಣ್ಣನಿಗೆ,

ನಾವೆಲ್ಲ ಕ್ಷೇಮ. ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಸರಿಸಬೇಡ. ಕೋಪ ಆರಲಿ ಎಂದು ಕಾದೆ. ಆರಲಿಲ್ಲ.

ಹೋದ ತಿಂಗಳು ಕ್ಯಾಲಿಫೋರ್ನಿಯಾದಿಂದ ನಿನ್ನ ಶಿಷ್ಯ ವೆಸ್ಲಿ ಬಂದ. ಒಳ್ಳೆಯವನು, ಮೆಕ್ಕೆಜೋಳದ ನುಚ್ಚಿನ ಅನ್ನ, ಒಣಮೀನು ಬಡಿಸಿದರೆ ಮುಖ ಸಿಂಡರಿಸದೆ ಉಂಡ. ಉಣ್ಣುತ್ತಲೇ ನಿನ್ನ ಪಾಠ ಒಪ್ಪಿಸಿದ. ನಮ್ಮ ಎಸ್ಕ್ರಿಮಾ, ಈ ಬೆತ್ತ-ಬಾಕುವಿನ ವಿದ್ಯೆ, ಯಾವನೋ ರಾಜಕುಮಾರ ಗುಹೆಯೊಳಗೆ ಅಪ್ಪನಿಗೆ ಧಾರೆಯೆರೆದದ್ದಂತೆ. ಅಪ್ಪ ಅದನ್ನು ಗಂಡುಮಗನೊಬ್ಬನಿಗೇ ಕೊಟ್ಟನಂತೆ.

ಯಾವ ಗುಹೆ ಅಣ್ಣ? ಅಪ್ಪನಿಗೆ ಕಲಿಸಿದ್ದು ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಅಜ್ಜ. ಸ್ಪೇನಿನವರ ಕಾಲದಲ್ಲಿ ಕತ್ತಿ ಹಿಡಿದವರನ್ನು ಸೆರೆಗೆ ತಳ್ಳುತ್ತಿದ್ದರು, ಅದಕ್ಕೇ ಬೆತ್ತ ಹಿಡಿದೆವು ಎಂದು ಅವನೇ ಹೇಳುತ್ತಿದ್ದ. ಜಪಾನಿನವರು ಬಂದಾಗ ಅಪ್ಪ ಕಬ್ಬು ಕಡಿಯುವ ಮಚ್ಚು ಹಿಡಿದು ಕಾಡು ಸೇರಿದ. ಇಷ್ಟು ಸಾಲದೆ ಹೋಯಿತೇ ನಿನಗೆ? ಮೂಟೆ ಹೊತ್ತು ಬಾಗಿದ ಬೆನ್ನಿಗೆ ರಾಜನ ಅಂಗಿ ತೊಡಿಸಲು ನಾಚಿಕೆಯಾಗಲಿಲ್ಲವೇ?

"ಆಗೆಲ್ಲ ನೀವು ಅಡುಗೆಮನೇಲಿ ಇರ್ತಿದ್ರಂತೆ, ಅಲ್ವಾ ಅತ್ತೆ?" ಎಂದು ಕೇಳಿದ ವೆಸ್ಲಿ.

ಸೌಟು ಕೆಳಗಿಟ್ಟು ಅವನನ್ನು ಅಂಗಳಕ್ಕೆ ಕರೆದೆ. ಒಂದು ಬೆತ್ತ ಅವನಿಗೆ ಕೊಟ್ಟು, ಇನ್ನೊಂದು ನಾನು ಹಿಡಿದು, ಹೊಡೆ ಎಂದೆ. ತಲೆಗೆ ಬೀಸಿದ. ನಾನು ಅವನ ಬೆತ್ತಕ್ಕೆ ಹೋಗಲಿಲ್ಲ, ಅದನ್ನು ಹಿಡಿದ ಬೆರಳುಗಳಿಗೆ ಏಟು ಕೊಟ್ಟೆ. ಹಾವಿನ ಹಲ್ಲು ಕಿತ್ತರೆ ಹಾವು ತಾನೇ ಸುಮ್ಮನಾಗುತ್ತದೆ ಎನ್ನುತ್ತಿದ್ದನಲ್ಲ ಅಪ್ಪ, ಹಾಗೆ. ಮತ್ತೆ ಬೀಸಿದ. ಈ ಸಲ ಎಡಗೈಯಲ್ಲಿ ಮಣಿಕಟ್ಟು ಹಿಡಿದು ತಿರುವಿದೆ. ಬೆತ್ತ ನನ್ನ ಕೈಗೆ ಬಂತು. ಬೆರಳು ಉಜ್ಜಿಕೊಳ್ಳುತ್ತ, ಇದನ್ನು ಯಾರು ಕಲಿಸಿದರು ಎಂದು ಕೇಳಿದ.

"ನಿಮ್ಮ ಮೇಷ್ಟ್ರು ಹಡಗು ಹತ್ತಿದ ಮೇಲೆ ಅಪ್ಪನ ಎದುರು ನಿಲ್ಲೋಕೆ ಈ ಮನೇಲಿ ಇನ್ಯಾರಿದ್ರಪ್ಪ?" ಅಂದೆ.

ಅವನೀಗ ಇಲ್ಲೇ ಉಳಿದು ನನ್ನ ಹತ್ತಿರ ಕಲಿಯುತ್ತಿದ್ದಾನೆ. ಊರಿನ ಹೆಣ್ಣುಮಕ್ಕಳೂ ಬರುತ್ತಾರೆ. ನಿನ್ನ ಶಾಲೆಯಲ್ಲಿ ನನ್ನ ಹೆಸರು ಹೇಳಬೇಕೆಂದು ನಾನು ಕೇಳುವುದಿಲ್ಲ. ಆ ಗುಹೆಯ ಕಥೆಯನ್ನು ಮಾತ್ರ ನಿಲ್ಲಿಸು.

ಸಂತ ಕತೆರೀನಾ ನಿನ್ನನ್ನೂ ಅತ್ತಿಗೆ, ಮಕ್ಕಳನ್ನೂ ಕಾಯಲಿ.

ನಿನ್ನ ತಂಗಿ,
ಎಪಿಫಾನಿಯಾ

ಮತ್ತೊಂದು ಮಾತು: ಕೊನೆಗಾಲದಲ್ಲಿ ಅಪ್ಪನಿಗೆ ಕಣ್ಣು ಹೋಗಿತ್ತು. ಮಂಚದ ಮೇಲೆ ಕೂತೇ ಬೆತ್ತ ಕೇಳುತ್ತಿದ್ದ; ನಾನು ಹೊಡೆದರೆ ಸದ್ದು ಹಿಡಿದು ತಡೆಯುತ್ತಿದ್ದ. ಸಾಯುವ ದಿನ ನನ್ನದೊಂದು ಏಟು ಅವನ ತಡೆ ದಾಟಿ ಭುಜ ಮುಟ್ಟಿತು. ಅವನ ಮುಖ ಅರಳಿತು. "ಭೇಷ್ ಕಣೋ ರುಪೆರ್ತೋ," ಅಂದ. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ದನಿಯಿಂದ ಗೊತ್ತಾಗಿಬಿಡುತ್ತಿತ್ತು.