ಕಣಗಳ ನಡುವಿನ ಕಪ್ಪು ಗೆರೆ

ಬೆಲ್‌ಫಾಂಟ್, ಪೆನ್ಸಿಲ್ವೇನಿಯಾ
ಸೆಪ್ಟೆಂಬರ್ 21, ಶನಿವಾರ

ಪ್ರೀತಿಯ ಮೊರಾಗ್,

ಬರೀ ತೋಟದ ಸುದ್ದಿ, ನಾಯಿಯ ಸುದ್ದಿ ಬರೆದು ಈ ಪತ್ರ ಮುಗಿಸಿಬಿಡೋಣ ಎಂದುಕೊಂಡಿದ್ದೆ. ಹಾಗೆ ಬರೆದ ಹಾಳೆ ಮೇಜಿನ ಮೇಲೇ ಇದೆ, ಕಳಿಸಲು ಮನಸ್ಸು ಬರಲಿಲ್ಲ. ನಿನ್ನ ಆಗಸ್ಟಿನ ಪತ್ರಕ್ಕೆ ಇಷ್ಟು ತಡವಾದದ್ದಕ್ಕೂ ಅದೇ ಕಾರಣ. ಬೇಸರಿಸಬೇಡ. ಹ್ಯಾಲಿಫ್ಯಾಕ್ಸಿನಲ್ಲಿ ಆಗಲೇ ಚಳಿ ಶುರುವಾಗಿರಬೇಕು. ಇಲ್ಲಿ ಟೊಮೇಟೊ ಇನ್ನೂ ಬಿಡುತ್ತಿದೆ. ನಾನು ಬುಟ್ಟಿ ಹಿಡಿದು ಹೊರಟರೆ ಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ಪ್ರಯೋಗಾಲಯದ ಯಜಮಾನಿಕೆ ಬಂದಮೇಲೆ ವೆಂಡೆಲ್‌ಗೆ ಗೋಡೆ ಅಲಂಕರಿಸುವ ಹುಚ್ಚು ಹಿಡಿದಿದೆ. ರಾಳದಲ್ಲಿ, ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಫೆರೋಎಲೆಕ್ಟ್ರಿಕ್ ಸೆರಾಮಿಕ್ ಕಣ ಕೂರಿಸಿದ ನಮ್ಮ ತುಂಡಿನ ಒಂದು ಒಳ್ಳೆಯ ಚಿತ್ರ ಬೇಕೆಂದ. ಇಷ್ಟು ವರ್ಷ ನಮ್ಮ ಪದ್ಧತಿ ಒಂದೇ: ನಾನು ಎಕ್ಸ್‌ರೇಯಲ್ಲಿ ತುಂಡಿನ ಒಳಗಿನ ಚಿತ್ರವನ್ನು ಪದರ ಪದರವಾಗಿ ತೆಗೆದು ಕಳಿಸುತ್ತೇನೆ, ನೀನು ಅದರ ಮಚ್ಚೆಗಳನ್ನು ಅಳಿಸಿ, ನಯ ಮಾಡಿ, ಕಂಪ್ಯೂಟರಿನಲ್ಲಿ ಮಾದರಿ ಕಟ್ಟುತ್ತೀಯೆ. ನಿನ್ನ ಪಾಲಿನದನ್ನು ನಾನು ತೆರೆದದ್ದೇ ಇಲ್ಲ. ನಯವಾದದ್ದು ಗೋಡೆಗೆ ಚೆಂದವೆಂದು ಈ ಸಲ ತೆರೆದು, ನನ್ನದರ ಪಕ್ಕದಲ್ಲಿಟ್ಟೆ.

ನಿನ್ನದರಲ್ಲಿ ಕಣಗಳು ಒಂದಕ್ಕೊಂದು ತಾಗಿ, ಮೇಲಿಂದ ಕೆಳಗಿನವರೆಗೆ ಸರಪಳಿಯಂತೆ ನಿಂತಿವೆ. ತುಂಡು ಅಷ್ಟು ವಿದ್ಯುತ್ತು ಕೊಡುವುದು ಆ ಸರಪಳಿಯಿಂದಲೇ ಎಂಬುದು ತಾನೇ ನಮ್ಮ ವಾದ. ನನ್ನದರಲ್ಲಿ ಕಣ ಕಣಗಳ ನಡುವೆ ಕೂದಲೆಳೆಯಂಥ ಕಪ್ಪು ಗೆರೆ. ಚಿತ್ರದ ದೋಷವಿರಬಹುದೆಂದು ತುಂಡನ್ನೇ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಗೆರೆ ನಿಜ, ಅಲ್ಲಿರುವುದು ರಾಳ. ನಯ ಮಾಡುವಾಗ ಮಚ್ಚೆಗಳ ಜೊತೆ ಅದೂ ಅಳಿಸಿಹೋಗಿದೆ. ಅದನ್ನು ಉಳಿಸಿಕೊಂಡು ನಿನ್ನ ಲೆಕ್ಕವನ್ನೇ ಮತ್ತೆ ನಡೆಸಿದೆ. ತುಂಡನ್ನು ಒತ್ತಿದಾಗ ಹುಟ್ಟಬೇಕಾದ ವಿದ್ಯುತ್ತು ನಾವು ಅಳೆದದ್ದರ ಅರ್ಧಕ್ಕೂ ಬರಲಿಲ್ಲ. ಹಾಗಾದರೆ ತುಂಡು ಅಷ್ಟು ಚೆನ್ನಾಗಿ ಕೆಲಸ ಮಾಡುವುದು ಯಾಕೆ? ನನಗೆ ಗೊತ್ತಿಲ್ಲ.

ವೆಂಡೆಲ್‌ಗೆ ಹೇಳಿದೆ. "ಅಲ್ಲಾ ಮಾರಾಯ್ತಿ, ನಾನು ಕೇಳಿದ್ದು ಒಂದು ಪಟ. ನೀನು ಗೋಡೇನೇ ಕೆಡವ್ತಿದೀಯಲ್ಲ," ಎಂದ. ಆಮೇಲೆ ಎದ್ದು ಬಾಗಿಲು ಮುಚ್ಚಿದ. "ಮುಂದಿನ ತಿಂಗಳು ಮೊರಾಗ್ ಭಾಷಣ ಇದೆ. ಅದನ್ನ ಕೇಳಿ ತಾನೇ ಅವಳ ಕೆಲಸ ಕಾಯಂ ಮಾಡೋದು? ಮುಗೀಲಿ ಬಿಡು. ಆಮೇಲೆ ಮೆತ್ತಗೆ ಹೇಳಿದ್ರಾಯ್ತು."

"ಅಲ್ಲಿ ಯಾರಾದ್ರೂ ಮೂಲ ಚಿತ್ರ ತೋರ್ಸಿ ಅಂದ್ರೆ?"

"ಯಾರು ಕೇಳ್ತಾರೆ? ಊಟಕ್ಕೆ ಮುಂಚಿನ ಭಾಷಣ, ಎಲ್ರೂ ಗಡಿಯಾರ ನೋಡ್ತಿರ್ತಾರೆ. ನೋಡು, ನಿಮ್ಮಿಬ್ರ ಪಂಚಾಯ್ತಿಗೆ ಮಾತ್ರ ನನ್ನ ಕರೀಬೇಡ."

ಅವನಿಗೆ ನಿನ್ನ ಮೇಲೆ ಪ್ರೀತಿಯಿದೆ. ನನಗೂ ಇದೆ. ಸುಮ್ಮನಿರುವುದೇ ಪ್ರೀತಿಯೇ ಎಂದು ಎಷ್ಟೋ ದಿನ ಯೋಚಿಸಿದೆ. ಒಮ್ಮೊಮ್ಮೆ, ಇದು ನಿನ್ನ ಚಿಂತೆಯೋ ನನ್ನ ಹೆಸರಿನ ಚಿಂತೆಯೋ ಎಂದೂ ಅನುಮಾನವಾಯಿತು. ಎರಡೂ ಇರಬಹುದು. ಭಾಷಣಕ್ಕೆ ಮೊದಲೇ ನಿನಗೆ ತಿಳಿದಿರಬೇಕು, ಅಷ್ಟು ಮಾತ್ರ ಖಚಿತ. ಗೆರೆಯನ್ನು ಇಟ್ಟುಕೊಂಡೇ ಹೊಸದಾಗಿ ಶುರುಮಾಡುತ್ತೀಯಾದರೆ ರಜೆ ಹಾಕಿ ಅಲ್ಲಿಗೇ ಬರುತ್ತೇನೆ. ಹಳೆಯದನ್ನೇ ಹೇಳುತ್ತೀಯಾದರೆ ಭಾಷಣದಿಂದ ನನ್ನ ಹೆಸರು ತೆಗೆದುಬಿಡು. ಯಾಕೆಂದು ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳಲಾರೆ.

ಬೆನ್ನುನೋವು ಜೋಪಾನ. ಆ ಕೆಲಸ ನಿನಗೆ ಕಾಯಂ ಆಗಲಿ ಎಂದು ಈಗಲೂ ಮನಸಾರೆ ಬಯಸುತ್ತೇನೆ. ನಿನಗೆ ಒಳ್ಳೆಯದಾಗಲಿ.

ನಿನ್ನ,
ಲೆನೋರ್

ತಾ.ಕ.: ಜುಲೈಯಲ್ಲಿ ನೀನು ಬಂದಾಗ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಮೆಕ್ಕೆಜೋಳ ಸುಲಿಯುತ್ತಿದ್ದೆವು. "ಲೆನೋರ್, ಕಳಿಸಿದ ಚಿತ್ರಗಳನ್ನ ನೀನು ಮತ್ತೆ ಯಾವತ್ತಾದ್ರೂ ನೋಡ್ತೀಯಾ?" ಎಂದು ನೀನು ಕೇಳಿದೆ. "ನೀನಿರುವಾಗ ನಾನ್ಯಾಕೆ ನೋಡ್ಲಿ?" ಎಂದೆ ನಾನು. ನೀನು ಮಾತು ಬದಲಿಸಿದೆ. ಆಗಲೇ ನಿನಗೆ ಗೊತ್ತಿತ್ತೇ, ಮೊರಾಗ್? ನಾನು ನೋಡಲಿ ಎಂದು ಕೇಳಿದೆಯಾ, ನೋಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆಯಾ? ಮೊದಲನೆಯದಾದರೆ ನಾನು ನಿನ್ನನ್ನು ಒಂಟಿಯಾಗಿ ಬಿಟ್ಟೆ. ಎರಡನೆಯದಾದರೆ ಏನು ಮಾಡಲಿ, ನನಗೆ ತಿಳಿಯದು. ಆದರೂ ನಿನ್ನ ಬಾಯಿಂದಲೇ ಕೇಳಬೇಕು. ಸೋಮವಾರ, ಸೆಪ್ಟೆಂಬರ್ 23ರಂದು ಇದನ್ನು ಅಂಚೆಗೆ ಹಾಕುತ್ತೇನೆ.